ಇಬ್ಬರು ಗೈಡ್ ಅಂತ ಹಣ ಪಡೆದು ಒಬ್ಬರನ್ನೇ ಕಳಿಸಿದಿರಿ: ಇಂಕಾ ಟ್ರೇಲ್ ಚಾರಣದ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ವಿದೇಶ ಪ್ರವಾಸ ವಿಭಾಗ,
ಬೆಂಗಳೂರು

ವಿಷಯ: ಪೆರು ದೇಶದ ಇಂಕಾ ಟ್ರೇಲ್ ಚಾರಣದಲ್ಲಿ ಎರಡನೇ ಗೈಡ್ ಕೊಡದೆ ಆದ ತೊಂದರೆ ಮತ್ತು ಹಣ ವಾಪಸ್ ಕೊಡುವ ಬಗ್ಗೆ

ಮಾನ್ಯರೇ,

ಕಳೆದ ಜೂನ್‌ನಲ್ಲಿ ನಿಮ್ಮ ಸಂಸ್ಥೆಯ ಮೂಲಕ ನಾವು ಮನೆಮಂದಿ ಆರು ಜನ ಮಾಚು ಪಿಚುವಿಗೆ ನಡೆದುಕೊಂಡು ಹೋಗುವ ನಾಲ್ಕು ದಿನದ ಇಂಕಾ ಟ್ರೇಲ್ ಚಾರಣ ಮಾಡಿದೆವು. ನಾನು, ನಮ್ಮ ಯಜಮಾನರು, ಇಬ್ಬರು ಮಕ್ಕಳು, ಮಾವ ಮತ್ತು ಅತ್ತೆ. ಬುಕ್ ಮಾಡುವಾಗ ನಾನು ಒತ್ತಿ ಕೇಳಿದ್ದು ಒಂದೇ ವಿಷಯ. ಅತ್ತೆಗೆ 63 ವರ್ಷ, ನಿಧಾನವಾಗಿ ನಡೆಯುತ್ತಾರೆ. ಮಕ್ಕಳು ಓಡುತ್ತಾರೆ. ಒಬ್ಬ ಗೈಡ್ ಸಾಕಾಗ್ತಾರಾ? ಸಾಕಾಗಲ್ಲ ಮೇಡಂ, ಇಬ್ಬರನ್ನ ಕೊಡ್ತೀವಿ, ನಿಮ್ಮದೇ ಖಾಸಗಿ ತಂಡ ಇರುತ್ತೆ ಅಂತ ನಿಮ್ಮ ಸಿಬ್ಬಂದಿಯೇ ಹೇಳಿದರು. ಎರಡನೇ ಗೈಡ್‌ಗೆ 38,000 ರೂಪಾಯಿ ಅಂತ ಬಿಲ್ಲಿನಲ್ಲಿ ಬೇರೆಯಾಗಿ ಬರೆದಿದೆ. ಅದರ ಪ್ರತಿ ಈ ಪತ್ರದ ಜೊತೆಗಿದೆ.

ಕುಸ್ಕೊದಲ್ಲಿ ನೀವು ಗೊತ್ತು ಮಾಡಿದ್ದ ಸ್ಥಳೀಯ ಸಂಸ್ಥೆಯವರು ಚಾರಣದ ಹಿಂದಿನ ಸಂಜೆ ನಮ್ಮನ್ನು ಕೂರಿಸಿ ವಿವರ ಹೇಳಿದರು. ಆಗ ಗೊತ್ತಾಯಿತು, ನಮ್ಮ ಜೊತೆ ಪರಿಚಯವೇ ಇಲ್ಲದ ಇನ್ನಿಬ್ಬರನ್ನು ಸೇರಿಸಿದ್ದಾರೆ, ಗೈಡ್ ಮಾತ್ರ ಒಬ್ಬರೇ. ಆ ದಾರಿಯಲ್ಲಿ ತಂಡ ಎಂಟು ಜನರನ್ನು ಮೀರಿದರೆ ಎರಡನೇ ಗೈಡ್ ಕಡ್ಡಾಯ. ನಮ್ಮ ತಂಡ ಸರಿಯಾಗಿ ಎಂಟು. ನಿಯಮ ಮುರಿಯದೆ ಖರ್ಚು ಉಳಿಸುವ ಲೆಕ್ಕ ಇದು ಅಂತ ಆಗಲೇ ಅರ್ಥವಾಯಿತು. ನಿಮ್ಮ ಕಚೇರಿಗೆ ಫೋನ್ ಮಾಡಿದೆ. ನೋಡ್ತೀವಿ ಅಂದರು. ಬೆಳಗಿನ ಜಾವ ನಮ್ಮ ಗಾಡಿ ಹೊರಟೇ ಬಿಟ್ಟಿತು. ಬೇಡ ಅಂತ ವಾಪಸ್ ಬರುವ ದಾರಿಯೂ ನಮಗಿರಲಿಲ್ಲ, ಅಲ್ವಾ? ಇಂಕಾ ಟ್ರೇಲ್‌ಗೆ ದಿನಕ್ಕೆ ಗೈಡ್, ಪೋರ್ಟರ್ ಎಲ್ಲ ಸೇರಿ 500 ಜನರಿಗೆ ಮಾತ್ರ ಅನುಮತಿ. ಅದು ಪಾಸ್‌ಪೋರ್ಟ್ ನಂಬರಿಗೆ ಅಂಟಿಕೊಂಡಿರುತ್ತದೆ, ದಿನಾಂಕ ಬದಲಾಯಿಸಿ ಕೊಡುವುದಿಲ್ಲ. ಇದು ನಮಗಿಂತ ಚೆನ್ನಾಗಿ ನಿಮಗೆ ಗೊತ್ತು.

ಮೊದಲ ದಿನ ಸುಗಮವಾಗಿ ಹೋಯಿತು. ನಾನು ಹೇಳಬೇಕಾಗಿರುವುದು ಎರಡನೇ ದಿನದ್ದು.

ಆ ದಿನ ಸುಮಾರು 3,000 ಮೀಟರ್ ಎತ್ತರದ ವಯ್ಯಬಂಬಾದಿಂದ 4,215 ಮೀಟರಿನ ವಾರ್ಮಿವನ್ಯುಸ್ಕಾ ಕಣಿವೆದಾರಿ ದಾಟಬೇಕು. ಇಡೀ ಚಾರಣದಲ್ಲಿ ಇದೇ ಅತಿ ಎತ್ತರದ ಜಾಗ. ಗೈಡ್ ಮುಂದಿದ್ದವರ ಜೊತೆ ಹೋದರು. ಮಕ್ಕಳು ಅವರ ಜೊತೆ ಇದ್ದರು, ಹಾಗಾಗಿ ಅದು ತಪ್ಪು ಅಂತ ನಾನು ಹೇಳಲಾರೆ. ನಾನು, ಯಜಮಾನರು ಅತ್ತೆಯ ಜೊತೆ ಹಿಂದೆ ಉಳಿದೆವು. ಯುಯುಚಪಂಪ ದಾಟಿ ಸ್ವಲ್ಪ ಮೇಲೆ ಹೋಗುವಷ್ಟರಲ್ಲಿ ಅತ್ತೆಗೆ ತಲೆ ಸಿಡಿಯಲು ಶುರುವಾಯಿತು. ಎರಡು ಸಲ ವಾಂತಿ ಮಾಡಿದರು. ಕಲ್ಲಿನ ಮೇಲೆ ಕೂತವರು ಎದ್ದೇಳಲಿಲ್ಲ. ಅಲ್ಲಿ ಫೋನ್ ಸಿಗ್ನಲ್ ಇಲ್ಲ. ಯಜಮಾನರು ಒಬ್ಬರೇ ಮೇಲೆ ಹತ್ತಿ ಗೈಡ್‌ನ ಹುಡುಕಿ ಕರೆತರುವ ಹೊತ್ತಿಗೆ ಒಂದೂವರೆ ಗಂಟೆಯ ಮೇಲಾಗಿತ್ತು. ಆಮ್ಲಜನಕದ ಸಿಲಿಂಡರ್ ಕೇಳಿದರೆ, ಅದು ಪೋರ್ಟರ್ ಮೂಟೆಯಲ್ಲಿ ಆಗಲೇ ಪಕಾಯ್ಮಾಯು ಕ್ಯಾಂಪಿಗೆ ಹೋಗಿದೆ ಅಂದರು. ಕಣಿವೆದಾರಿಯ ಆಚೆ ಬದಿಗೆ!

ಎತ್ತರದ ಕಾಯಿಲೆಯ ಲಕ್ಷಣ ಕಂಡರೆ ಇನ್ನೂ ಮೇಲೆ ಹತ್ತಬಾರದು, ಕಡಿಮೆಯಾಗದಿದ್ದರೆ ಕೆಳಗಿಳಿಯಬೇಕು. ಇದು ನೀವೇ ಕೊಟ್ಟ ಸೂಚನಾ ಪತ್ರದ ಮೂರನೇ ಪುಟದಲ್ಲಿದೆ. ಅತ್ತೆಯನ್ನು ವಯ್ಯಬಂಬಾಕ್ಕೆ ಇಳಿಸೋಣ ಅಂತ ನಾವು ಕೇಳಿದೆವು. ಗೈಡ್ ಹೇಳಿದ್ದು ಕೇಳಿ: ನಾನು ನಿಮ್ಮ ಜೊತೆ ಇಳಿದರೆ ಮೇಲಿರುವ ಐದು ಜನರಿಗೆ ಗೈಡ್ ಇರುವುದಿಲ್ಲ, ಗೈಡ್ ಇಲ್ಲದೆ ಈ ದಾರಿಯಲ್ಲಿ ನಡೆಯಲು ಬಿಡುವುದಿಲ್ಲ. ಆ ಐದರಲ್ಲಿ ನನ್ನ ಇಬ್ಬರು ಮಕ್ಕಳೂ ಇದ್ದರು. ಕೊನೆಗೆ ಉಸಿರಾಡಲು ಒದ್ದಾಡುತ್ತಿದ್ದ ಹೆಂಗಸನ್ನು ಇನ್ನೂ ಮೇಲಕ್ಕೆ ಹತ್ತಿಸಿದೆವು. ಅವರ ಆರೋಗ್ಯ ನೋಡಿ ಮಾಡಿದ ತೀರ್ಮಾನ ಇದಲ್ಲ. ಗೈಡ್ ಒಬ್ಬರೇ ಇದ್ದರು ಅನ್ನುವ ಕಾರಣಕ್ಕೆ ಆದ ತೀರ್ಮಾನ. ಏನಾದರೂ ಹೆಚ್ಚುಕಡಿಮೆ ಆಗಿದ್ದರೆ 38,000 ರೂಪಾಯಿ ಉಳಿಸಿದ ನೀವು ಏನು ಹೇಳುತ್ತಿದ್ದಿರಿ?

ಕಣಿವೆದಾರಿಯಿಂದ ಆಚೆ ಇಳಿಯುವಾಗ ಒಬ್ಬ ಪೋರ್ಟರ್ ಎದುರಿಗೆ ಹತ್ತಿ ಬಂದರು. ಬೆಳಗಿನಿಂದ ಹೊರೆ ಹೊತ್ತು ಕ್ಯಾಂಪ್ ತಲುಪಿದ್ದವರು. ಸುದ್ದಿ ಕೇಳಿ ಸಿಲಿಂಡರ್ ಮತ್ತು ಫ್ಲಾಸ್ಕಿನಲ್ಲಿ ಕೋಕಾ ಎಲೆಯ ಚಹಾ ಹಿಡಿದು ವಾಪಸ್ ಬಂದಿದ್ದರು. ಅವರನ್ನು ಹೀಗೆ ಮಾಡಿ ಅಂತ ಯಾರೂ ಕೇಳಿರಲಿಲ್ಲ. ಕೆಳಗೆ ಇಳಿದ ಮೇಲೆ ಅತ್ತೆ ನಿಧಾನಕ್ಕೆ ಚೇತರಿಸಿಕೊಂಡರು. ಅವರು ಇವತ್ತು ನಮ್ಮ ಜೊತೆ ಕೂತು ಊಟ ಮಾಡುತ್ತಿದ್ದಾರೆ ಅಂದರೆ ಅದಕ್ಕೆ ಆ ಮನುಷ್ಯ ಕಾರಣ, ನಿಮ್ಮ ಏರ್ಪಾಡು ಕಾರಣವಲ್ಲ. ಪೋರ್ಟರ್‌ಗಳ ಮೇಲೆ, ಅಡುಗೆಯವರ ಮೇಲೆ, ಗೈಡ್ ಮೇಲೂ ನಮ್ಮ ದೂರು ಏನೂ ಇಲ್ಲ.

ಮೂರನೇ ದಿನ ಗೈಡ್ ಪೂರ್ತಿ ಅತ್ತೆಯ ಜೊತೆಯಲ್ಲೇ ಇದ್ದರು. ಹಾಗೇ ಇರಬೇಕಿತ್ತು. ಆದರೆ ಇಡೀ ದಾರಿಯ ಮುಖ್ಯ ಅವಶೇಷಗಳು ಸಿಗುವುದೂ ಅವತ್ತೇ. ರುಂಕುರಕಾಯ್‌ನ ದುಂಡನೆಯ ಕಟ್ಟಡ ನೋಡಿದೆವು, ಅದು ಏನು ಅಂತ ಹೇಳುವವರಿರಲಿಲ್ಲ. ಸಯಾಕ್‌ಮಾರ್ಕಾಕ್ಕೆ ದಾರಿ ಬಿಟ್ಟು ಪಕ್ಕದ ಕಡಿದಾದ ಮೆಟ್ಟಿಲು ಹತ್ತಬೇಕು. ಅದು ಗೊತ್ತಾಗದೆ ಕೆಳಗಿನಿಂದಲೇ ಮುಂದೆ ನಡೆದುಬಿಟ್ಟೆವು. ವಿನ್ಯಾಯ್ ವಯ್ನಾದ ಹತ್ತಿರ ಬರುವಷ್ಟರಲ್ಲಿ ಕತ್ತಲಾಗಿತ್ತು. ಬೆಳಿಗ್ಗೆ ನೋಡೋಣ ಅಂದರೆ ಆಗುವುದಿಲ್ಲ, ನಸುಕಿನಲ್ಲೇ ಎದ್ದು ಚೆಕ್‌ಪೋಸ್ಟ್ ಮುಂದೆ ಸಾಲು ನಿಲ್ಲಬೇಕು.

ಮಾಚು ಪಿಚು ನೋಡಿದಿರಲ್ಲ ಅಂತ ನಿಮ್ಮ ಸಿಬ್ಬಂದಿ ಫೋನಿನಲ್ಲಿ ಹೇಳಿದರು. ಮಾಚು ಪಿಚುವಿಗೆ ರೈಲು, ಬಸ್ಸಿನಲ್ಲೂ ಹೋಗಬಹುದು. ರುಂಕುರಕಾಯ್, ಸಯಾಕ್‌ಮಾರ್ಕಾ ಕಾಣುವುದು ನಡೆದು ಹೋದವರಿಗೆ ಮಾತ್ರ. ನಾವು ಅಷ್ಟೊಂದು ಜಾಸ್ತಿ ಹಣ ಕೊಟ್ಟು, ತಿಂಗಳುಗಟ್ಟಲೆ ಮುಂಚೆ ಅನುಮತಿ ಮಾಡಿಸಿ ಹೋಗಿದ್ದೇ ಅದಕ್ಕೆ. ನಮ್ಮ ಮಾವ ಹೊಸಪೇಟೆಯವರು, ನಿವೃತ್ತ ಮೇಷ್ಟ್ರು. ಮಾಚು ಪಿಚು ಕಟ್ಟಿದ್ದು 15ನೇ ಶತಮಾನದಲ್ಲಿ, ಹಂಪಿಯಲ್ಲೂ ಕಲ್ಲಿನ ಕೆಲಸ ಜೋರಾಗಿದ್ದ ಕಾಲ. ಹಂಪಿಯ ಕೋಟೆ ಗೋಡೆಗಳಲ್ಲೂ ಗಾರೆ ಇಲ್ಲ, ಇಂಕಾ ಜನರ ಒಳ್ಳೆಯ ಗೋಡೆಗಳಲ್ಲೂ ಇಲ್ಲ. ಅವರು ಕಲ್ಲನ್ನು ಹೇಗೆ ಕೂರಿಸುತ್ತಿದ್ದರು ಅಂತ ಕೇಳಲು ಮಾವ ಪುಸ್ತಕದಲ್ಲಿ ಪ್ರಶ್ನೆ ಬರೆದುಕೊಂಡು ಬಂದಿದ್ದರು. ಕೊನೆಯ ದಿನ ರೈಲಿನ ಅವಸರದಲ್ಲಿ ಅದನ್ನು ಕೇಳಲೂ ಆಗಲಿಲ್ಲ.

ನಮ್ಮ ಬೇಡಿಕೆ ಇಷ್ಟು. ಎರಡನೇ ಗೈಡ್‌ನ 38,000 ರೂಪಾಯಿ ಮತ್ತು ಖಾಸಗಿ ತಂಡಕ್ಕೆ ಅಂತ ಪಡೆದ ಹೆಚ್ಚುವರಿ ಹಣ ಪೂರ್ತಿ ವಾಪಸ್ ಕೊಡಬೇಕು. ಉಳಿದ ಚಾರಣದ ಶುಲ್ಕದಲ್ಲಿ ಎಷ್ಟು ಪರಿಹಾರ ಕೊಡುತ್ತೀರಿ ಅಂತ ಬರಹದಲ್ಲಿ ತಿಳಿಸಬೇಕು. ಆಮ್ಲಜನಕ ಗೈಡ್ ಕೈಯಲ್ಲಿ ಯಾಕೆ ಇರಲಿಲ್ಲ ಅನ್ನುವುದಕ್ಕೆ ಸ್ಥಳೀಯ ಸಂಸ್ಥೆಯಿಂದ ಉತ್ತರ ತರಿಸಿ ಕೊಡಬೇಕು. ಆ ಪೋರ್ಟರ್‌ಗೆ ನಿಮ್ಮ ಸಂಸ್ಥೆಯಿಂದ ಬಹುಮಾನ ಹೋಗಬೇಕು, ಹೋಗಿದ್ದಕ್ಕೆ ರಸೀದಿ ನಮಗೂ ಬೇಕು. ಈ ವರ್ಷ ಇದೇ ಚಾರಣಕ್ಕೆ ಬುಕ್ ಮಾಡಿರುವ ಹಿರಿಯರ ಕುಟುಂಬಗಳಿಗೆ ಗೈಡ್ ಎಷ್ಟು ಜನ ಅನ್ನುವುದನ್ನು ಹೊರಡುವ ಮುಂಚೆಯೇ ಬರೆದು ಕೊಡಿ.

ಪತ್ರ ತಲುಪಿದ 15 ದಿನದೊಳಗೆ ಉತ್ತರ ಬರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಸೇವಾ ನ್ಯೂನತೆಯ ದೂರು ಕೊಡುತ್ತೇವೆ. ನಾವು ವಾಸ ಇರುವ ಜಿಲ್ಲೆಯಲ್ಲೇ ಕೊಡಲು ಕಾಯ್ದೆಯಲ್ಲಿ ಅವಕಾಶವಿದೆ. ಬಿಲ್, ಇಮೇಲ್‌ಗಳು, ಸೂಚನಾ ಪತ್ರ ಮತ್ತು ಕುಸ್ಕೊದ ವೈದ್ಯರ ಚೀಟಿಯ ಪ್ರತಿಗಳನ್ನು ಲಗತ್ತಿಸಿದ್ದೇನೆ.

ಇಂತಿ,
ನಿಮ್ಮ ಗ್ರಾಹಕಿ,
ಹೊಸಪೇಟೆ