ಅಗ್ಗದ ಪಾಲಿಸಿ ಯಾಕೆ ಅಗ್ಗ ಅಂತ ನೋಡು

ಕಲಬುರಗಿ

ಪ್ರೀತಿಯ ಮಗಳಿಗೆ,
ನಿನ್ನ ಕಾಕಾನ ಆಶೀರ್ವಾದಗಳು.

ಕಾರಿನ ವಿಮೆಗೆ ನೀನು ಕಳಿಸಿದ ಮೂರೂ ಕೋಟೇಶನ್ ನೋಡಿದೆ. "ಎರಡನೆಯದು ಎಲ್ಲಕ್ಕಿಂತ ಅಗ್ಗ ಕಾಕಾ, ಅದನ್ನೇ ಮಾಡಿಸಿಬಿಡ್ಲಾ?" ಅಂತ ಕೇಳಿದ್ದೀಯ. ಸ್ವಲ್ಪ ತಡಿ. ಆ ಕಂಪನಿ ಕೆಟ್ಟದ್ದು ಅಂತಲ್ಲ. ಅದು ಯಾಕೆ ಅಗ್ಗ ಅಂತ ನೀನಿನ್ನೂ ನೋಡಿಲ್ಲ.

ಮೊದಲು ಥರ್ಡ್ ಪಾರ್ಟಿ, ಅಂದರೆ ನಿನ್ನ ಗಾಡಿಯಿಂದ ಬೇರೆಯವರಿಗಾಗುವ ನಷ್ಟದ ವಿಮೆ, ಅದರ ಲೆಕ್ಕ ಪಕ್ಕಕ್ಕಿಡು. ಅದರ ದರ ಸರ್ಕಾರದ್ದು, ಯಾವ ಕಂಪನಿಗೆ ಹೋದರೂ ಒಂದೇ. 2022ರ ಜೂನ್‌ನಲ್ಲಿ ಬಂದ ದರದಂತೆ ನಿನ್ನ 1,197 ಸಿಸಿ ಕಾರಿಗೆ ವರ್ಷಕ್ಕೆ 3,416 ರೂಪಾಯಿ, ತೆರಿಗೆ ಬೇರೆ. ಹೊಸ ಗಾಡಿ ತಗೊಂಡಾಗ ಮೂರು ವರ್ಷದ್ದು ಒಟ್ಟಿಗೇ ಕಟ್ಟಿದ್ದೆ, ಅದೀಗ ಮುಗಿಯುತ್ತಿದೆ. ಅದಕ್ಕೇ ಈ ಸಲ ಮೊತ್ತ ಜಾಸ್ತಿ ಕಾಣುತ್ತಿದೆ. ಕಂಪನಿಗಳ ನಡುವೆ ಫರಕು ಇರುವುದು ಓನ್ ಡ್ಯಾಮೇಜ್ ಭಾಗದಲ್ಲಿ, ಅಂದರೆ ನಿನ್ನ ಗಾಡಿಯ ನಷ್ಟಕ್ಕೆ ಕಟ್ಟುವುದರಲ್ಲಿ ಮಾತ್ರ.

ಅಲ್ಲಿ ಐಡಿವಿ ಅಂತ ಒಂದು ಸಾಲಿದೆ ನೋಡು, ಪಾಲಿಸಿಯಲ್ಲಿ ಗಾಡಿಗೆ ಹಿಡಿದ ಬೆಲೆ ಅದು. ಗಾಡಿ ಕಳುವಾದರೆ, ಇಲ್ಲವೇ ರಿಪೇರಿ ಖರ್ಚು ಐಡಿವಿಯ ಮುಕ್ಕಾಲು ಪಾಲು ದಾಟಿದರೆ, ಕೈಗೆ ಬರುವುದು ಆ ರೊಕ್ಕವೇ. ಮೂರು ವರ್ಷ ದಾಟಿದ ಗಾಡಿಗೆ ಕಾರು ಕಂಪನಿಯ ಬೆಲೆಯಲ್ಲಿ ಶೇ. 40 ಕಳೆಯುತ್ತಾರೆ. ನಿನ್ನ ಮಾಡೆಲ್‌ಗೆ 7 ಲಕ್ಷ ಹಿಡಿದರೆ 4.2 ಲಕ್ಷ ಆಯಿತು. ಉಳಿದಿಬ್ಬರು ಹೆಚ್ಚುಕಡಿಮೆ ಅಷ್ಟೇ ಹಾಕಿದ್ದಾರೆ. ನಿನ್ನ ಅಗ್ಗದವರು 3.5 ಲಕ್ಷ ಹಾಕಿದ್ದಾರೆ! ಮೇಲಾಗಿ ಝೀರೋ ಡೆಪ್, ಅಂದರೆ ಬಿಡಿಭಾಗ ಹಳೆಯದಾಯಿತು ಅಂತ ಬೆಲೆ ಕಳೆಯದಂತೆ ಇರುವ ಸೌಲಭ್ಯ, ತೆಗೆದುಹಾಕಿದ್ದಾರೆ. ಅಗ್ಗ ಆಗದೆ ಇನ್ನೇನು? ಮೂವರಿಗೂ ಅದೇ ಐಡಿವಿ, ಅದೇ ಆಡ್-ಆನ್ (ಹೆಚ್ಚಿಗೆ ರೊಕ್ಕ ಕೊಟ್ಟು ಸೇರಿಸಿಕೊಳ್ಳುವ ಸೌಲಭ್ಯ) ಹೇಳಿ ಮತ್ತೆ ರೇಟು ಕೇಳು.

ಝೀರೋ ಡೆಪ್ ಮಾತ್ರ ಬಿಡಬೇಡ. ಶಹಾಪುರದಿಂದ ಜೇವರ್ಗಿ ದಾಟಿ ಇಲ್ಲಿಗೆ ಬರುವ ರೋಡು ನಿನಗೇ ಗೊತ್ತು. ಕಬ್ಬಿನ ಟ್ರ್ಯಾಕ್ಟರಿಗೆ ಹಿಂದೆ ಕೆಂಪು ದೀಪ ಇರುವುದಿಲ್ಲ, ರಾತ್ರಿ ಹತ್ತಿರ ಹೋಗುವ ತನಕ ಟ್ರಾಲಿ ಕಾಣುವುದೇ ಇಲ್ಲ. ತಾಗಿದರೆ ಮೊದಲು ಹೋಗುವುದು ಬಂಪರು, ಹೆಡ್‌ಲೈಟು, ಗ್ರಿಲ್ಲು. ಎಲ್ಲಾ ಪ್ಲಾಸ್ಟಿಕ್. ಸಾದಾ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರಿಗೆ ಅರ್ಧ ಬೆಲೆ ಕಳೆಯುತ್ತಾರೆ. 8,000ದ ಬಂಪರಿಗೆ 4,000 ನಿನ್ನ ಕೈಯಿಂದ. ಝೀರೋ ಡೆಪ್ ಇದ್ದರೆ ಆ ಕಡಿತ ಇಲ್ಲ. ಕ್ಲೇಮಿಗೆ 1,000 ರೂಪಾಯಿ ನೀನು ಹಾಕಬೇಕಾದದ್ದು ಮಾತ್ರ ಎರಡರಲ್ಲೂ ತಪ್ಪುವುದಿಲ್ಲ.

ಇಂಜಿನ್ ಪ್ರೊಟೆಕ್ಷನ್ನೂ ಹಾಕಿಸು. 2020ರ ಅಕ್ಟೋಬರಿನಲ್ಲಿ ಭೀಮಾ ಹೊಳೆ ಅಫಜಲಪುರ, ಜೇವರ್ಗಿ ಕಡೆ ಊರೊಳಗೆ ನುಗ್ಗಿದ್ದು ನೆನಪಿದೆ ಅಲ್ವಾ? ಇಂಜಿನ್‌ಗೆ ನೀರು ಹೋಗಿ ಕೆಟ್ಟರೆ ಸಾದಾ ಪಾಲಿಸಿಯವರು ಸಾಮಾನ್ಯವಾಗಿ ಕೈ ಎತ್ತುತ್ತಾರೆ. ಆಡ್-ಆನ್ ಇದ್ದರೂ ನೀರಲ್ಲಿ ನಿಂತ ಗಾಡಿಗೆ ಮತ್ತೆ ಮತ್ತೆ ಚಾವಿ ತಿರುಗಿಸಬೇಡ. ಚಾವಿ ಕಳೆದರೆ, ಬ್ಯಾಗ್ ಕಳೆದರೆ ಅಂತ ಇರುವ ಆಡ್-ಆನ್‌ಗಳೆಲ್ಲ ಸುಮ್ನೆ ದಂಡ.

ಇನ್ನು ಯಾವ ಕಂಪನಿ ಅನ್ನುವುದು. "ಇಷ್ಟು ಶೇಕಡಾ ಕ್ಲೇಮ್ ಕೊಟ್ಟಿದ್ದೇವೆ" ಅಂತ ಎಲ್ಲರೂ ಹೇಳಿಕೊಳ್ಳುತ್ತಾರೆ. ಅದು ಇಡೀ ದೇಶದ ಲೆಕ್ಕ. ನಿನ್ನ ಗಾಡಿ ಓಡುವುದು ಇಲ್ಲಿ. ನೀನು ಸರ್ವಿಸ್ ಮಾಡಿಸುವ ಕಡೆ ಹೋಗು. ಸೇಲ್ಸ್ ಹುಡುಗರನ್ನು ಬಿಡು, ಒಳಗೆ ಬಾಡಿ ಕೆಲಸ ನೋಡಿಕೊಳ್ಳುವವರನ್ನು ಕೇಳು. ನಷ್ಟ ನೋಡಿ ಲೆಕ್ಕ ಹಾಕುವ ಸರ್ವೇಯರ್ ಯಾವ ಕಂಪನಿಯವರು ಫೋನ್ ಮಾಡಿದ ಮಾರನೇ ದಿನ ಬರುತ್ತಾರೆ? ಯಾರ ಅಪ್ರೂವಲ್ ವಾರಗಟ್ಟಲೆ ಬರುವುದಿಲ್ಲ? ಅವರಿಗೆ ಬಾಯಿಪಾಠ ಇರುತ್ತದೆ. ಕ್ಯಾಶ್‌ಲೆಸ್, ಅಂದರೆ ಬಿಲ್ಲನ್ನು ಕಂಪನಿಯೇ ನೇರ ಗ್ಯಾರೇಜಿಗೆ ಕಟ್ಟುವುದು, ಇದೆಯಾ ಅಂತಲೂ ಅಲ್ಲೇ ಕೇಳು, ಆ್ಯಪಿನ ಪಟ್ಟಿ ನಂಬಬೇಡ. ಶಹಾಪುರದಲ್ಲಿ ಗಾಡಿ ನಿಂತರೆ ಕಲಬುರಗಿ ತನಕ ಎಳೆದು ತರುತ್ತಾರಾ, ಎಷ್ಟು ಕಿಲೋಮೀಟರ್ ಫ್ರೀ ಅನ್ನುವುದೂ ಪಾಲಿಸಿಯಲ್ಲಿ ಬರೆದಿರಬೇಕು. ಏಜೆಂಟ್ ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.

ನಿಮ್ಮಪ್ಪ ಸರ್ಕಾರಿ ಕಂಪನಿಯೇ ಆಗಬೇಕು ಅನ್ನುತ್ತಾನೆ. ಆಫೀಸಿಗೆ ಹೋಗಿ ಎದುರು ಕೂತು ಕೇಳಬಹುದು ಅನ್ನುವುದು ಅವನ ವಾದ. ಅದೂ ಒಂದು ಅನುಕೂಲವೇ. ಆದರೆ ನಿನ್ನ ಗ್ಯಾರೇಜಿನವರು ಆ ಕಂಪನಿಯ ಕ್ಯಾಶ್‌ಲೆಸ್ ಒಪ್ಪದಿದ್ದರೆ ಬಿಲ್ಲು ಮೊದಲು ನೀನೇ ಕಟ್ಟಬೇಕಾಗುತ್ತದೆ. ಅಪ್ಪನಿಗೆ ನಾನು ಹೇಳುತ್ತೇನೆ, ನೀನು ವಾದಕ್ಕೆ ಕೂರಬೇಡ.

ಕಂಪನಿ ಬದಲಿಸಿದರೆ ಎನ್‌ಸಿಬಿ (ಕ್ಲೇಮ್ ಮಾಡದ್ದಕ್ಕೆ ಓನ್ ಡ್ಯಾಮೇಜ್ ಕಂತಿನಲ್ಲಿ ಸಿಗುವ ರಿಯಾಯಿತಿ) ಹೋಗುತ್ತದೆ ಅಂತ ಯಾರೋ ನಿನಗೆ ಹೇಳಿದ್ದು ಸುಳ್ಳು. ಅದು ನಿನ್ನದು, ನಿನ್ನ ಜೊತೆಗೇ ಬರುತ್ತದೆ. ಮೂರು ವರ್ಷ ಕ್ಲೇಮ್ ಇಲ್ಲದ್ದಕ್ಕೆ ಶೇ. 35 ಸಿಗಬೇಕು, ಮೂರೂ ಕಡೆ ಹಾಕಿದ್ದಾರಾ ನೋಡು. ಗೇಟಿಗೆ ಉಜ್ಜಿದ ಗೀರಿಗೆಲ್ಲ ಕ್ಲೇಮ್ ಮಾಡಿದರೆ ಅಷ್ಟೂ ಹೋಗುತ್ತದೆ. ಗಾಡಿ ಓಡಿಸುವ ಮಾಲೀಕರಿಗಾಗಿ ಇರುವ 15 ಲಕ್ಷದ ಅಪಘಾತ ವಿಮೆ ನಿನ್ನ ಹೆಸರಲ್ಲಿ ಬೇರೆ ಕಡೆ ಇದ್ದರೆ ಇಲ್ಲಿ ಎರಡನೇ ಸಲ ಕಟ್ಟಬೇಡ.

ಹಳೇ ಪಾಲಿಸಿ ಮುಗಿಯುವ ಮೊದಲೇ ಹೊಸದು ಮಾಡಿಸು. ಓನ್ ಡ್ಯಾಮೇಜ್ ಒಂದು ದಿನ ತಪ್ಪಿದರೂ ಗಾಡಿ ತಪಾಸಣೆ ಕೇಳುತ್ತಾರೆ, 90 ದಿನ ದಾಟಿದರೆ ಎನ್‌ಸಿಬಿಯೂ ಇಲ್ಲ. ಥರ್ಡ್ ಪಾರ್ಟಿ ಇಲ್ಲದೆ ಪೊಲೀಸರ ಕೈಗೆ ಸಿಕ್ಕರೆ ಮೊದಲ ಸಲಕ್ಕೇ 2,000 ದಂಡ. ಹೊಸ ರೇಟು ಬಂದ ಮೇಲೆ ಮೂರನ್ನೂ ನನಗೆ ಕಳಿಸು, ಹಳೇ ಪಾಲಿಸಿಯ ಫೋಟೋನೂ ಇರಲಿ. ಭಾನುವಾರ ಬರುತ್ತೀಯಾದರೆ ಮೊದಲೇ ಫೋನ್ ಮಾಡು, ನಿಮ್ಮ ಕಾಕು ಹೋಳಿಗೆ ಮಾಡುತ್ತಾಳಂತೆ.

ಇಂತಿ,
ನಿನ್ನ ಕಾಕಾ