ಹೊಳೆಗೆ ಇಳಿಯುವ ಮುಂಚೆ ಓದು, ಮಗಳೇ

ಪ್ರೀತಿಯ ಮಗಳಿಗೆ,
ಅಪ್ಪನ ಆಶೀರ್ವಾದ.

ದೀಪಾವಳಿಗೆ ಬಂದಾಗ ನಾನೂ ಕಯಾಕ್ ಅನ್ನುವ ಸಣ್ಣ ದೋಣಿಯಲ್ಲಿ ಮೀನು ಹಿಡಿಯಲು ಬರುತ್ತೇನೆ ಅಂದೆಯಲ್ಲ, ಫೋನಿನಲ್ಲಿ ಸುಮ್ನೆ ಹೂಂ ಅಂದುಬಿಟ್ಟೆ. ರಾತ್ರಿ ನಿದ್ದೆ ಹತ್ತಲಿಲ್ಲ. ಹೋದ ವರ್ಷ ನನ್ನ ಫೋನು ಹೊಳೆಗೆ ಬಿತ್ತು ಅಂತ ಹೇಳಿದ್ದೆ, ನೆನಪಿದೆಯಾ? ಫೋನಿನ ಜೊತೆ ನಾನೂ ಬಿದ್ದಿದ್ದೆ. ಆಗ ನಿನಗೆ ಪರೀಕ್ಷೆ ಇತ್ತು, ಹೇಳಲಿಲ್ಲ. ಆಮೇಲೆ ಹೇಳಲು ಬಾಯೇ ಬರಲಿಲ್ಲ. ಈಗ ಎಲ್ಲ ಬರೆಯುತ್ತೇನೆ, ಕೂತು ಓದು.

ಗಳಗನಾಥದ ಗುಡಿ ನೀನು ನೋಡಿದ್ದೀಯ. ಅಲ್ಲೇ ವರದಾ ಬಂದು ತುಂಗಭದ್ರೆಗೆ ಸೇರುತ್ತದೆ. ಹೊಳೆ ಕೂಡುವ ಕಡೆ ಮೀನು ಜಾಸ್ತಿ ಅಂತ ಹೋಗಿದ್ದೆ. ಕಾರ್ತಿಕ ಮಾಸದ ಬೆಳಗು, ನೀರು ನೋಡಲು ತಣ್ಣಗೆ ಮಲಗಿದಂತಿತ್ತು. ಆದರೆ ಎರಡು ಸೆಳವು ಕೂಡುವಲ್ಲಿ ಒಂದು ಗೆರೆ ಇರುತ್ತದೆ. ಗೆರೆಯ ಆಚೆ ನೀರು ಮುಂದೆ ಓಡುತ್ತದೆ, ಈಚೆ ಸುತ್ತಿಕೊಂಡು ಹಿಂದೆ ಬರುತ್ತದೆ. ನಾನು ಸರಿಯಾಗಿ ಅಲ್ಲೇ ಲಂಗರು ಹಾಕಿದೆ. ಲಂಗರು ಅಂದರೆ ಹಗ್ಗ ಕಟ್ಟಿದ ಒಂದು ಕಲ್ಲು. ಕೈಗೆ ಸಿಗಲಿ ಅಂತ ಹಗ್ಗದ ತುದಿಯನ್ನು ಸೀಟಿನ ಪಕ್ಕದ ಹಿಡಿಕೆಗೆ ಕಟ್ಟಿದೆ.

ಎಲ್ಲಕ್ಕಿಂತ ದೊಡ್ಡ ತಪ್ಪು ಅದೇ. ಪಕ್ಕಕ್ಕೆ ಕಟ್ಟಿದರೆ ದೋಣಿ ಸೆಳವಿಗೆ ಅಡ್ಡ ನಿಲ್ಲುತ್ತದೆ. ನೀರು ಒಂದೇ ಸಮ ಗುದ್ದುತ್ತದೆ, ಹಗ್ಗ ಅದೇ ಬದಿಯನ್ನು ಕೆಳಗೆ ಜಗ್ಗುತ್ತದೆ. ಕಟ್ಟಲೇಬೇಕಾದರೆ ಮುಂದಿನ ತುದಿಗೋ ಹಿಂದಿನ ತುದಿಗೋ ಕಟ್ಟಬೇಕು, ಅದೂ ಒಮ್ಮೆ ಎಳೆದರೆ ಬಿಚ್ಚುವ ಗಂಟು. ನಾನಂತೂ ಈಗ ಹರಿಯುವ ನೀರಿನಲ್ಲಿ ಲಂಗರು ಹಾಕುವುದೇ ಇಲ್ಲ.

ಅಷ್ಟರಲ್ಲಿ ಗಾಳಕ್ಕೆ ಮೀನು ಬಿತ್ತು. ಕಾಟ್ಲಾ ಇರಬೇಕು, ರಾಡ್ ಬಿಲ್ಲಾಗಿ ಬಾಗಿತು. ಅದು ಹಗ್ಗದ ಬದಿಗೇ ಬಂತು. ಕೈಬಲೆ ಹಿಡಿದು ಬಗ್ಗಿದೆ. ಅಂಚು ದಾಟಿ ಬಂದ ನೀರು ತೊಡೆಗೆ ತಣ್ಣಗೆ ತಾಗಿದ್ದು ಗೊತ್ತಾಯಿತು. ಮರುಕ್ಷಣ ದೋಣಿ ಡಬ್ಬಾಗಿತ್ತು. ಕಿವಿ ತುಂಬ ನೀರು, ಕಣ್ಣೆದುರು ಬರೀ ಹಸಿರು. ಕೂಗಲೂ ಹೊತ್ತು ಸಿಗಲಿಲ್ಲ.

ಲೈಫ್ ಜಾಕೆಟ್ ಮೈಮೇಲಿತ್ತು. ಆದರೆ ಬಿಗಿಯಾಗುತ್ತದೆ ಅಂತ ಕೆಳಗಿನ ಎರಡು ಬಕಲ್ ಹಾಕಿರಲಿಲ್ಲ. ನೀರಿಗೆ ಬಿದ್ದ ಕೂಡಲೇ ಜಾಕೆಟ್ ಮೇಲೇರಿ ಗದ್ದ ಎತ್ತಿಹಿಡಿಯಿತು. ಅದು ತೇಲುತ್ತಿತ್ತು, ನಾನು ಅದರೊಳಗಿಂದ ಜಾರುತ್ತಿದ್ದೆ. ಒಂದು ಕೈಯಲ್ಲಿ ಅದನ್ನು ಎದೆಗೆ ಒತ್ತಿಕೊಂಡು ಇನ್ನೊಂದು ಕೈಯಲ್ಲಿ ದೋಣಿ ಹಿಡಿದೆ. ಎಡಗಾಲಿಗೆ ಗಾಳದ ದಾರ ಸುತ್ತಿತ್ತು. ಚಾಕು ಇದ್ದದ್ದು ಡಬ್ಬಿಯೊಳಗೆ, ಡಬ್ಬಿ ಆಗಲೇ ಮುಳುಗಿತ್ತು. ಮೀನು ಜಗ್ಗಿ ದಾರ ಹರಿಯಿತೋ ಏನೋ, ಕಾಲು ಬಿಡಿಸಿಕೊಂಡಿತು. ಆ ಗಳಿಗೆಯಲ್ಲಿ ನಿನ್ನ ಮುಖ ನೆನಪಾಯಿತು ಕಣೇ.

ಮತ್ತೆ ಹತ್ತಲು ನೋಡಿದೆ. ಎರಡು ಸಲವೂ ದೋಣಿ ನನ್ನ ಮೇಲೆಯೇ ಮಗುಚಿತು. ದಂಡೆ ಹತ್ತಿರವೇ ಕಂಡಿತು, ಈಜಿಬಿಡೋಣ ಅನ್ನಿಸಿತು. ಆಗ ದೂರದ ಹರಗೋಲಿನಿಂದ ಅಂಬಿಗರೊಬ್ಬರು ಕೂಗಿದರು: “ದೋಣಿ ಬಿಡಬ್ಯಾಡ್ರಿ ಸರ! ಗಟ್ಟಿ ಹಿಡಕೊಳ್ರಿ, ಬಂದೆ!”

ಅವರು ಬಂದು ಹಗ್ಗ ಕತ್ತರಿಸಿ ನನ್ನನ್ನು ದಂಡೆಗೆ ತಂದರು. ದಾರಿಯಲ್ಲಿ ನೀರಿಗೆ ಬಾಗಿದ ಬಳ್ಳಾರಿ ಜಾಲಿ ತೋರಿಸಿ, “ಈಜಿದ್ರ ಅದರಾಗ ಸಿಗ್ತಿದ್ರಿ” ಅಂದರು. ಕೊಂಬೆಗಳ ನಡುವೆ ನೀರು ಸೋರಿಹೋಗುತ್ತದೆ, ಮನುಷ್ಯ ಅಲ್ಲೇ ಸಿಕ್ಕಿಕೊಳ್ಳುತ್ತಾನೆ. ಮಗುಚಿದರೂ ಕಯಾಕ್ ತೇಲುತ್ತಿರುತ್ತದೆ, ದೂರದವರಿಗೆ ಕಾಣುತ್ತದೆ. ಬರೀ ತಲೆ ಯಾರಿಗೆ ಕಾಣಬೇಕು? ದೋಣಿ ಕೈತಪ್ಪಿದರೆ ಅಂಗಾತ ಮಲಗಿ ಕಾಲು ಮುಂದೆ ಮಾಡಿ ತೇಲು. ಓಡುವ ನೀರಿನಲ್ಲಿ ಎದ್ದು ನಿಲ್ಲಬೇಡ, ಕಲ್ಲಿನ ಸಂದಿಗೆ ಪಾದ ಸಿಕ್ಕರೆ ಸೆಳವು ಕೆಳಗೆ ಕೆಡವುತ್ತದೆ.

12ನೇ ಶತಮಾನದ ಅಂಬಿಗರ ಚೌಡಯ್ಯನವರ ಚೌಡದಾನಪುರ ಇದೇ ಹೊಳೆಯ ದಂಡೆಯಲ್ಲಿದೆ. ಇಂಥ ಕಡೆ ಇದ್ದುಕೊಂಡು, ಹೊಳೆ ಬಲ್ಲವರನ್ನು ಒಂದು ಮಾತೂ ಕೇಳದೆ ವಿಡಿಯೋ ನೋಡಿ ನೀರಿಗಿಳಿದಿದ್ದೆ. ಮರುವಾರ ನನ್ನನ್ನು ದಂಡೆಗೆ ತಂದ ಅಂಬಿಗರ ಹತ್ತಿರವೇ ಹೋದೆ. ಎದೆಮಟ್ಟದ ನಿಂತ ನೀರಿನಲ್ಲಿ, ಅವರು ಹರಗೋಲು ಪಕ್ಕದಲ್ಲಿಟ್ಟುಕೊಂಡು ಕಾಯುತ್ತಿರುವಾಗ, ಬೇಕಂತಲೇ ಕಯಾಕ್ ಮಗುಚಿದೆ. ಒಂದಲ್ಲ, ಹತ್ತಾರು ಸಲ. ನೀನು ಗಾಳ ಮುಟ್ಟುವ ಮೊದಲು ಇದನ್ನೇ ಕಲಿಯಬೇಕು.

ಡಬ್ಬಾದ ದೋಣಿಯ ನಡುಭಾಗಕ್ಕೆ ಬಾ. ತಳದ ಮೇಲಿಂದ ಕೈ ಚಾಚಿ ಆಚೆಯ ಹಿಡಿಕೆ ಹಿಡಿದು ನಿನ್ನ ಕಡೆಗೆ ಎಳೆ, ಅದು ತಿರುಗುತ್ತದೆ. ಆಮೇಲೆ ಅಂಚಿಗೆ ಜೋತು ಬೀಳಬೇಡ, ನಾನು ಮಾಡಿದ್ದು ಅದನ್ನೇ. ಕಾಲು ಬಡಿದು ಮೈಯನ್ನು ನೀರಿನ ಮೇಲೆ ಉದ್ದಕ್ಕೆ ತೇಲಿಸು. ಹಾಗೇ ಜಾರಿ ಹೊಟ್ಟೆಯನ್ನು ಸೀಟಿನ ಮೇಲೆ ತಾ. ಮೊದಲು ಹೊಟ್ಟೆ, ಆಮೇಲೆ ಹೊರಳಿ ಕುಂಡಿ, ಕೊನೆಗೆ ಕಾಲು. ಅವಸರ ಮಾಡಿದರೆ ಮತ್ತೆ ಮಗುಚುತ್ತದೆ. ನನಗೆ ಐದನೇ ಸಲಕ್ಕೆ ಬಂತು.

ಇದನ್ನು ಓದಿ ಗೆಳತಿಯರ ಜೊತೆ ಯಾರದೋ ಹೊಲದ ಕೃಷಿಹೊಂಡದಲ್ಲಿ ಪ್ರಾಕ್ಟೀಸ್ ಮಾಡಲು ಹೋಗಬೇಡ, ಕೈಮುಗಿದು ಕೇಳುತ್ತೇನೆ. ಅದರ ಪ್ಲಾಸ್ಟಿಕ್ ಹಾಳೆ ಪಾಚಿ ಕಟ್ಟಿ ಜಾರುತ್ತದೆ. ಈಜು ಬರುವವರಿಗೂ ಮೇಲೆ ಹತ್ತಲು ಆಗುವುದಿಲ್ಲ.

ಈಗ ನನ್ನ ಚಾಕು, ಸೀಟಿ ಎರಡೂ ಜಾಕೆಟ್ಟಿಗೇ ಕಟ್ಟಿವೆ. ಫೋನು ನೀರು ಹೋಗದ ಚೀಲದಲ್ಲಿ ಕೊರಳಲ್ಲಿರುತ್ತದೆ. ಯಾವ ದಂಡೆ, ಎಷ್ಟು ಗಂಟೆಗೆ ವಾಪಸ್ ಅಂತ ನಿಮ್ಮವ್ವನಿಗೆ ಚೀಟಿ ಬರೆದಿಟ್ಟು ಹೋಗುತ್ತೇನೆ. ಆವತ್ತು ಬರೀ “ಹೋಗಿ ಬರ್ತೀನಿ” ಅಂದಿದ್ದೆ. ಅವಳು ಮಧ್ಯಾಹ್ನದವರೆಗೂ ಬಾಗಿಲಲ್ಲೇ ನಿಂತಿದ್ದಳು. ಇನ್ನೊಂದು, ಲಕ್ಕವಳ್ಳಿಯ ಭದ್ರಾ ಡ್ಯಾಮು, ಗಾಜನೂರಿನ ತುಂಗಾ ಡ್ಯಾಮು ಹೊಳೆಗೆ ನೀರು ಬಿಟ್ಟರೆ ಇಲ್ಲಿ ಹನಿ ಮಳೆ ಇಲ್ಲದಿದ್ದರೂ ನೀರು ಏರುತ್ತದೆ. ಅಂಥ ಸುದ್ದಿ ಬಂದರೆ ಆ ರಜೆಯಲ್ಲಿ ಹೊಳೆ ಇಲ್ಲ. ಆಗ ಮುಖ ಊದಿಸಬೇಡ.

ನಿನಗೆ ಬೇರೆ ಜಾಕೆಟ್ ತರಿಸಬೇಕು, ನನ್ನದು ನಿನಗೆ ದೊಡ್ಡದಾಗುತ್ತದೆ. ಟೇಪು ಹಿಡಿದು ಎದೆಯ ಸುತ್ತಳತೆ ಇಂಚಿನಲ್ಲಿ ಬರೆದು ಕಳಿಸು. ಬಂದ ಮೇಲೆ ಎಲ್ಲ ಬಕಲ್ ಹಾಕಿ, ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆದು ನೋಡುತ್ತೇನೆ. ಗದ್ದಕ್ಕೆ ಬಂದರೆ ಅಂಗಡಿಗೆ ವಾಪಸ್.

ಇಂತಿ,
ನಿನ್ನ ಅಪ್ಪ
ಹಾವೇರಿ