ಬೋರ್ಡೋ ಅಂದ್ರೆ ನಿಮ್ಮಪ್ಪನ ನೀಲಿ ಕೈ

ಗೆಳೆಯಾ,

ಹೋದ ಶನಿವಾರ ಸಂಜೆ ವೈನ್ ಮೇಳಕ್ಕೆ ಹೋಗಿದ್ದೆ. ಹೌದು, ಕೊಪ್ಪಳದಲ್ಲೇ. ಫೋನಲ್ಲಿ ಹೇಳಿದಾಗ "ಕೊಪ್ಪಳದಾಗ ವೈನಾ? ಮಂಡಕ್ಕಿ ಮಿರ್ಚಿ ಮೇಳ ಇರಬೇಕು, ಸರಿಯಾಗಿ ನೋಡು" ಅಂದೆಯಲ್ಲ, ಅದಕ್ಕೇ ಈ ಪತ್ರ. ಪತ್ರದಲ್ಲಾದರೆ ನೀನು ನಡುವೆ ಬಾಯಿ ಹಾಕೋಕೆ ಆಗಲ್ಲ.

ಪುಣೆ ಸೇರಿದ ಮೇಲೆ ನೀನು ಎರಡು ಸಲ ನಾಸಿಕ್‌ಗೆ ಹೋಗಿ ಬಂದೆ. ಅಲ್ಲಿಂದ ಶುರುವಾಯಿತು ನಿನ್ನ ಪಾಠ. ಲೋಟ ಹೀಗೆ ಹಿಡಿ, ಹಾಗೆ ತಿರುಗಿಸು, ಮೊದಲು ಮೂಗು ಆಮೇಲೆ ನಾಲಿಗೆ. ಒಂದು ಮಾತು ಹೇಳಿಬಿಡ್ತೀನಿ. ನಿನ್ನ ನಾಸಿಕ್‌ನ ಸುಲಾ ವೈನ್ ಕಂಪನಿ ಶುರುವಾಗಿದ್ದು 1999ರಲ್ಲಿ. ನಮ್ಮ ನಂದಿ ಬೆಟ್ಟದ ಬುಡದಲ್ಲಿ ಗ್ರೋವರ್‌ನವರು ಅದಕ್ಕೂ ಹತ್ತು ವರ್ಷ ಮೊದಲೇ ವೈನ್ ದ್ರಾಕ್ಷಿ ಹಚ್ಚಿದ್ದರು. ನಮ್ಮ ಸರ್ಕಾರ 2007ರಲ್ಲಿ ವೈನ್‌ಗೆ ಅಂತಲೇ ಬೇರೆ ನೀತಿ ತಂದಿತು, ವೈನ್ ಬೋರ್ಡ್ ಬಂತು. ಈಗ ಮೇಳ ನಮ್ಮೂರಿಗೂ ಬಂದಿದೆ.

ಬಯಲಲ್ಲಿ ಶಾಮಿಯಾನ, ಹಿಂದೆ ಕೋಟೆ ಗುಡ್ಡ. ಒಂದು ಕಡೆ ಜೇನುತುಪ್ಪ, ಒಣದ್ರಾಕ್ಷಿ ಮಾರುವವರು. ಇನ್ನೊಂದು ಕಡೆ ಸಾಲಾಗಿ ವೈನ್ ಮಳಿಗೆ. ಕೂಪನ್ ಕೊಂಡರೆ ಬೆರಳ ತುದಿಯಷ್ಟು ರುಚಿ ನೋಡಲು ಕೊಡುತ್ತಾರೆ. ಜನ ಜಾಸ್ತಿಯೇ ಇದ್ದರು, ಆದರೆ ಎಲ್ಲರೂ ಅಕ್ಕಪಕ್ಕ ನೋಡುತ್ತಾ ಕುಡಿಯುತ್ತಿದ್ದರು. ನಾನೂ ಅಷ್ಟೇ. ಹೆದರಿದ ಹಾಗೇ ಆಯಿತು. ನಮ್ಮ ಹೈಸ್ಕೂಲಿನ ವಿಜ್ಞಾನ ಮಾಸ್ತರು ಎದುರಿಗೆ ಬಂದರು. ಲೋಟ ಬೆನ್ನ ಹಿಂದೆ ಹಿಡಿದೆ. ಅವರ ಕೈಯಲ್ಲೂ ಒಂದು ಲೋಟ. "ದ್ರಾಕ್ಷಾರಿಷ್ಟ ಕುಡಿಯಂಗಿಲ್ಲೇನು ನಿಮ್ಮನ್ಯಾಗ? ಅದ್ರಾಗೂ ಇದೇ ಇರ್ತೈತಿ, ಅದೂ ಕೊಳಿತ ಹಾಕಿ ಮಾಡೂದು" ಅಂದರು. ಆಮೇಲೆ ಇಬ್ಬರೂ ಹಾಯಾಗಿ ಅಡ್ಡಾಡಿದೆವು.

ಮೊದಲು ಸಿಹಿ ವೈನ್. ಬೆಂಗಳೂರು ಬ್ಲೂ ದ್ರಾಕ್ಷಿಯದು. ನಮಗೆ ಇಷ್ಟು ದಿನ ವೈನ್ ಅಂದರೆ ಇದೇ ಅಲ್ವಾ? ಹೊಸ ವರ್ಷಕ್ಕೆ ಯಾರದೋ ರೂಮಿನಲ್ಲಿ ಸ್ಟೀಲ್ ಲೋಟಕ್ಕೆ ಸುರಿದುಕೊಂಡ, ಕೆಮ್ಮಿನ ಔಷಧಿಯ ಅಣ್ಣನ ಹಾಗಿದ್ದ ಅದು. ಆ ಹಣ್ಣಿಗೆ ಅದರದೇ ಒಂದು ಗಾಢ ವಾಸನೆ ಇದೆ, ಕಣ್ಣು ಮುಚ್ಚಿದರೂ ಗುರುತು ಸಿಗುತ್ತೆ. ನನಗೆ ಈಗಲೂ ಇಷ್ಟವೇ, ನೀನು ಮೂಗು ಮುರಿದರೂ ಸರಿ. ಪಕ್ಕದಲ್ಲಿದ್ದ ಒಬ್ಬರು ಮಾತ್ರ ಖಾಲಿ ಲೋಟ ಅಲುಗಾಡಿಸುತ್ತಾ "ಏನ್ ಕಿಕ್ಕೇ ಇಲ್ಲಲ್ರೀ ಇದ್ರಾಗ" ಅಂತ ಜಗಳಕ್ಕೇ ನಿಂತಿದ್ದರು. ಮಳಿಗೆಯ ಹುಡುಗ ಪಾಪ, ವಿಸ್ಕಿಯಲ್ಲಿ ನೂರಕ್ಕೆ 42.8 ಆಲ್ಕೋಹಾಲ್ ಇದ್ದರೆ ವೈನ್‌ನಲ್ಲಿ ಸುಮಾರು 12, 13 ಅಂತ ಲೆಕ್ಕ ಒಪ್ಪಿಸುತ್ತಿದ್ದ. ಅವರಿಗೆ ಲೆಕ್ಕ ಬೇಕಾಗಿರಲಿಲ್ಲ.

ಆಮೇಲೆ ನಾನೊಂದು ದಡ್ಡ ಕೆಲಸ ಮಾಡಿದೆ. ಮೇಳದ ಬಾಗಿಲಲ್ಲೇ ಮಿರ್ಚಿ ಕರಿಯುತ್ತಿದ್ದರು. ಗವಿಮಠದ ಜಾತ್ರೆಯಲ್ಲಿ ಲಕ್ಷಗಟ್ಟಲೆ ಮಿರ್ಚಿ ಕರಿಯುವ ಊರು ಇದು, ಇಲ್ಲಿ ಬೇರೆ ಏನು ಸಿಗಬೇಕು? ಎರಡು ತಿಂದೆ. ಬಂದು ಕೆಂಪು ವೈನ್ ಒಂದು ಗುಟುಕು ಹಾಕಿದೆ. ಅಯ್ಯಪ್ಪಾ! ಖಾರ ಎರಡರಷ್ಟಾಯಿತು, ವೈನ್ ಬರೀ ಕಹಿ. ಮದ್ಯದ ಉರಿ ಮೆಣಸಿನ ಉರಿಗೆ ತುಪ್ಪ ಹಾಕುತ್ತೆ ಅಂತ ಮಾಸ್ತರು ಆಮೇಲೆ ಹೇಳಿದರು. ಮಿರ್ಚಿಗೆ ಸ್ವಲ್ಪ ಸಿಹಿ ಇರುವ, ತಣ್ಣಗಿನ ಬಿಳಿ ವೈನ್ ಆಗುತ್ತೆ. ಶೆನಿನ್ ಬ್ಲಾಂಕ್ ಅಂತ ಒಂದಿತ್ತು, ಅದು ಪರವಾಗಿಲ್ಲ, ಹೊಂದಿತು. ಆದರೂ ಕಾಲು ಗಂಟೆ ನಾಲಿಗೆ ಸತ್ತೇ ಹೋಗಿತ್ತು.

ಒಂದು ಮಳಿಗೆಯವರು ಕೆಂಪು ವೈನ್ ಬಾಟಲಿಗಳನ್ನು ಮಧ್ಯಾಹ್ನದಿಂದ ಬಿಸಿಲಲ್ಲೇ ಇಟ್ಟಿದ್ದರು. ಲೋಟದಿಂದ ಸೀದ ಬೆಲ್ಲದ ಪಾಕದ ವಾಸನೆ ಬಂತು. ಕೆಂಪು ವೈನ್ ಫ್ರಿಜ್‌ಗೆ ಇಡಬಾರದು, ರೂಮಿನ ಬಿಸಿಯಲ್ಲೇ ಕುಡಿಯಬೇಕು ಅಂತ ಎಲ್ಲರೂ ಹೇಳುತ್ತಾರಲ್ಲ, ಆ ರೂಮು ಯುರೋಪಿನದು, 16, 18 ಡಿಗ್ರಿಯದು. ನಮ್ಮ ಕೊಪ್ಪಳದ ರೂಮಲ್ಲ.

ಈಗ ಅಸಲು ವಿಷಯ.

ನಮ್ಮ ಜಿಲ್ಲೆಯಲ್ಲೇ ಬೆಳೆದು, ಇಲ್ಲೇ ಮಾಡಿದ ವೈನ್ ಇದೆ ಅಂತ ನಿನಗೆ ಗೊತ್ತಿತ್ತಾ? ಕೃಷ್ಮಾ ಅನ್ನುವವರ ತೋಟ ಕೊಪ್ಪಳ ಜಿಲ್ಲೆಯದೇ. ಕೃಷ್ಣ, ಉಮಾ ಅಂತ ಗಂಡ ಹೆಂಡತಿ ಹೆಸರು ಕೂಡಿಸಿ ಆ ಹೆಸರು. ಬಾಟಲಿ ಮೇಲೆ ಹಂಪಿ ಹಿಲ್ಸ್ ಅಂತ ಇರುತ್ತೆ. ಹಂಪಿಗೂ ದ್ರಾಕ್ಷಿಗೂ ಹಳೇ ನಂಟು, ಐನೂರು ವರ್ಷದ ಹಿಂದೆ ಪೇಯಸ್ ಅನ್ನುವ ಪೋರ್ಚುಗೀಸ ವಿಜಯನಗರದ ಪೇಟೆಯಲ್ಲಿ ದ್ರಾಕ್ಷಿ ಮಾರುವುದನ್ನು ನೋಡಿ ಬರೆದಿಟ್ಟಿದ್ದಾನೆ. ಆದರೆ ನನ್ನ ತಲೆಯಲ್ಲಿ ಹಂಪಿ ಬರಲಿಲ್ಲ. ನಿಮ್ಮ ಹೊಲ ಬಂತು.

ಲೋಟಕ್ಕೆ ಹಾಕಿದ್ದು ಕಾಬರ್ನೆ ಸೊವಿನ್ಯೋ. ಬಣ್ಣ ನೇರಳೆ ಹಣ್ಣು ತಿಂದ ನಾಲಿಗೆಯದು. ವಾಸನೆಯಲ್ಲೂ ನೇರಳೆ, ಹಿಂದೆ ಒಂಚೂರು ಹಸಿ ದೊಣ್ಣೆಮೆಣಸಿನಕಾಯಿ. ಕುಡಿದರೆ ಒಸಡು ಹಿಡಿದುಕೊಳ್ಳುವ ಒಗರು. ನೀನು ಫೋನಲ್ಲಿ ಅರ್ಧ ಗಂಟೆ ಟ್ಯಾನಿನ್ ಟ್ಯಾನಿನ್ ಅಂತ ವಿವರಿಸಿದ್ದು ಇದನ್ನೇನಾ? ಒಗರು ಅಂದಿದ್ದರೆ ಆಗಲೇ ತಿಳಿಯುತ್ತಿತ್ತು. ಸಿಪ್ಪೆ, ಬೀಜ ಎಲ್ಲ ಒಟ್ಟಿಗೇ ಕೊಳೆಹಾಕುವುದರಿಂದ ಕೆಂಪು ವೈನ್‌ಗೆ ಅದು ಬರುತ್ತಂತೆ.

ಹುಡುಗ ಹೇಳಿದ: "ಇದು ಮೂಲ ಬೋರ್ಡೋ ಕಡೆ ತಳಿ ಸರ್, ಫ್ರಾನ್ಸ್."

"ಬೋರ್ಡೋ? ಬಳ್ಳಿಗೆ ಹೊಡೆಯೋ ಮೈಲುತುತ್ತು, ಸುಣ್ಣದ ಬೋರ್ಡೋನಾ?" ಅಂದೆ.

ಹುಡುಗನಿಗೆ ತಿಳಿಯಲಿಲ್ಲ. ಮಾಸ್ತರು ಮಾತ್ರ ಜೋರಾಗಿ ನಕ್ಕರು. ಆ ಔಷಧಿಗೆ ಹೆಸರು ಬಂದಿದ್ದು ಅದೇ ಊರಿಂದಂತೆ ಕಣೋ! ಅಲ್ಲಿ ರಸ್ತೆ ಬದಿ ತೋಟದವರು, ಹೋಗುವ ಬರುವ ಜನ ಹಣ್ಣು ಕದಿಯಬಾರದು ಅಂತ, ನೋಡಿದರೇ ವಿಷ ಅನಿಸುವ ಹಾಗೆ ಬಳ್ಳಿಗೆ ಮೈಲುತುತ್ತು ಸುಣ್ಣ ಕಲಸಿ ಎರಚುತ್ತಿದ್ದರು. ತೋಟಕ್ಕೆಲ್ಲ ಡೌನಿ ಅನ್ನುವ ಬೂಸ್ಟು ರೋಗ ಬಂದಾಗ ಆ ನೀಲಿ ಬಳ್ಳಿಗಳು ಮಾತ್ರ ಹಸಿರಾಗಿ ಉಳಿದಿದ್ದವು. ಮಿಲಾರ್ಡೆ ಅನ್ನುವ ಪ್ರೊಫೆಸರ್ ಕಣ್ಣಿಗೆ ಅದು ಬಿತ್ತು. 1885ರಲ್ಲಿ ಅದನ್ನೇ ಔಷಧಿ ಅಂತ ಜಗತ್ತಿಗೆ ಹೇಳಿದ.

ನನಗೆ ಲೋಟ ಅಲ್ಲೇ ನಿಂತಿತು. ನಾವು ಬೋರ್ಡೋ ಅನ್ನುವ ಹೆಸರು ಕಲಿತಿದ್ದು ಯಾವ ವೈನ್‌ನಿಂದಲೂ ಅಲ್ಲ, ನಿಮ್ಮಪ್ಪನ ಬಾಯಿಂದ. ಕುಷ್ಟಗಿ ದಾರಿಯ ಆ ನಾಲ್ಕು ಎಕರೆ, ಕಲ್ಲುಕಂಬದ ಚಪ್ಪರ, ಥಾಮ್ಸನ್ ಸೀಡ್‌ಲೆಸ್ ದ್ರಾಕ್ಷಿ. ಬಾವಿ ಹತ್ತಿರ ಮನೆಗೆ ಅಂತ ಬಿಟ್ಟಿದ್ದ ಎರಡೇ ಎರಡು ಅನಾಬ್ ಶಾಹಿ ಬಳ್ಳಿ. ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ತಗಡಿನ ಡಬ್ಬಿ ಮುಟ್ಟಿಸುತ್ತಿರಲಿಲ್ಲ, ಪ್ಲಾಸ್ಟಿಕ್ ಡ್ರಮ್ಮೇ ಆಗಬೇಕು. ಕೊನೆಗೆ ಕುಡುಗೋಲಿನ ತುದಿ ಅದರಲ್ಲಿ ಅದ್ದಿ ನೋಡುವರು. ಕಬ್ಬಿಣಕ್ಕೆ ತಾಮ್ರದ ಬಣ್ಣ ಹತ್ತಿದರೆ "ಇನ್ನಾ ಸುಣ್ಣ ಬೇಕು" ಅನ್ನುವರು. ನಾವಿಬ್ಬರೂ ಡ್ರಮ್ಮಿನ ಸುತ್ತ ಕುಣಿಯುತ್ತಿದ್ದೆವು. ಸಂಜೆ ಊಟಕ್ಕೆ ಕೂತಾಗ ಎಷ್ಟು ತೊಳೆದರೂ ಅವರ ಉಗುರಿನ ಸಂದಿ ನೀಲಿಯೇ ಇರುತ್ತಿತ್ತು. ರೊಟ್ಟಿ ಮುರಿಯುವ ಆ ನೀಲಿ ಬೆರಳು ನನಗೆ ಈಗಲೂ ಕಾಣಿಸುತ್ತೆ.

ವರ್ಷಕ್ಕೆ ಎರಡು ಸಲ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವುದು, ಯಾಕೆ ಅಂತ ಒಮ್ಮೆ ಕೇಳಿದ್ದೆ. "ಇಲ್ಲಿ ಚಳಿ ಇಲ್ಲೋ, ಬಳ್ಳಿ ಮಲಗೂದೇ ಇಲ್ಲ. ನಾವೇ ಕೊಯ್ದು ಎಬ್ಬಿಸಬೇಕು" ಅಂದಿದ್ದರು. ಏಪ್ರಿಲ್ ಚಾಟ್ನಿ ಕಡ್ಡಿಗೆ, ಅಕ್ಟೋಬರ್ ಚಾಟ್ನಿ ಹಣ್ಣಿಗೆ. ಮೇಳದಲ್ಲಿ ಒಬ್ಬರು ವೈನ್ ದ್ರಾಕ್ಷಿಗೂ ಅದೇ ಲೆಕ್ಕ ಅಂದರು. ವ್ಯತ್ಯಾಸ ಏನಪ್ಪಾ ಅಂದರೆ, ನಿಮ್ಮಪ್ಪ ಕಾಯಿ ದಪ್ಪ ಆಗಲಿ ಅಂತ ಗೊನೆಗಳನ್ನು ಜಿ.ಎ. ಅನ್ನುವ ಕಾಯಿ ಹಿಗ್ಗಿಸುವ ಔಷಧಿಯ ನೀರಲ್ಲಿ ಅದ್ದುತ್ತಿದ್ದರು. ವೈನ್‌ನವರಿಗೆ ಸಣ್ಣ ಕಾಯಿ, ದಪ್ಪ ಸಿಪ್ಪೆಯೇ ಬೇಕು. ಇಳುವರಿ ಜಾಸ್ತಿ ಆದರೆ ಅವರಿಗೆ ಬೇಜಾರು! ಇದನ್ನು ಕೇಳಿದ್ದರೆ ನಿಮ್ಮಪ್ಪ ಅವರನ್ನು ಹೊಲದಿಂದ ಓಡಿಸುತ್ತಿದ್ದರು.

2009 ನಿನಗೂ ನೆನಪಿದೆ. ಆ ಸಲ ಚಾಟ್ನಿ ಬೇಗ ಮಾಡಿದ್ದರು. ಚಿಗುರು ಒಡೆದಿತ್ತು. ಸೆಪ್ಟೆಂಬರ್ ಕೊನೆಗೆ ಹಿಡಿದ ಮಳೆ ಅಕ್ಟೋಬರ್‌ಗೆ ಬಂದರೂ ಬಿಡಲಿಲ್ಲ. ಹೊಡೆದ ಬೋರ್ಡೋ ಎಲ್ಲ ತೊಳೆದು ಹೋಯಿತು. ಎಲೆ ಮೇಲೆ ಎಣ್ಣೆ ಚುಕ್ಕೆ, ಅಡಿಯಲ್ಲಿ ಬಿಳಿ ಬೂಸ್ಟು. ಮುಂದಿನ ವರ್ಷ ಬಳ್ಳಿ ಕಿತ್ತರು. ಅದರ ಬಗ್ಗೆ ನೀನು ಯಾವತ್ತೂ ಮಾತಾಡಿಲ್ಲ, ನಾನೂ ಕೇಳಿಲ್ಲ.

ಒಂದು ಬಾಟಲಿ ಕೊಂಡೆ. ಸೋಮವಾರ ನಿಮ್ಮೂರಿಗೆ ಹೋದೆ. ನಿನಗೆ ಹೇಳಿರಲಿಲ್ಲ, ಬೈಬೇಡ. ನಿಮ್ಮಪ್ಪ ಜಗಲಿ ಮೇಲೆ ಕೂತಿದ್ದರು. ಕಂಬಗಳು ಹಾಗೇ ಇವೆ, ಈಗ ತೊಗರಿ ಹೊಲಕ್ಕೆ ಬೇಲಿ. ಬೋರ್ಡೋ ಕತೆ ಹೇಳಿದೆ. ಕಳ್ಳರ ಭಾಗ ಬಂದಾಗ ಎರಡು ಸಲ ಹೇಳಿಸಿಕೊಂಡರು. "ಹಂಗಾರ ಇದು ಕಳ್ಳರು ಕಲಿಸಿದ ವಿದ್ಯಾ ಅನ್ನು" ಅಂತ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಬಾಟಲಿ ಕೈಗೆ ಕೊಟ್ಟೆ. ಕುಡಿಯಲ್ಲ ಅಂತ ನನಗೂ ಗೊತ್ತಿತ್ತು. ಬಿರಡೆ ತೆಗೆಸಿ ಮೂಗಿನ ಹತ್ತಿರ ಹಿಡಿದರು. ತುಂಬ ಹೊತ್ತು ಹಿಡಿದಿದ್ದರು. "ಹಣ್ಣು ಚಲೋ ಮಾಗೇತಿ. ಕೊಯ್ಯೂವಾಗ ಅವಸರ ಮಾಡಿಲ್ಲ" ಅಂದು ವಾಪಸ್ ಕೊಟ್ಟರು. ಆಮೇಲೆ ನೀನು ಯಾವಾಗ ಬರ್ತೀಯ ಅಂತ ಕೇಳಿದರು.

ಬಾಟಲಿ ಈಗ ನಮ್ಮ ಫ್ರಿಜ್‌ನಲ್ಲಿದೆ, ಮೊಸರಿನ ಪಾತ್ರೆ ಹಿಂದೆ. ಅಮ್ಮನಿಗೆ ಕೋಕಂ ಅಂತ ಹೇಳಿದ್ದೀನಿ. ಬಿರಡೆ ತೆಗೆದದ್ದು, ಜಾಸ್ತಿ ದಿನ ಇರಲ್ಲ. ಈ ಭಾನುವಾರದೊಳಗೆ ಬಂದರೆ ನಿನಗೂ ಒಂದು ಲೋಟ ಸಿಗುತ್ತೆ.

ನಿನ್ನ,
ಕೊಪ್ಪಳದ ಗೆಳೆಯ